ಮನೆಯ ಫೋನಿಗೆ ಮಳೆಗಾಲದಲ್ಲಿ ಬೀಟಾ ಬೇಡ

(ಕೊಡಗಿನ ಗೋಣಿಕೊಪ್ಪದಲ್ಲಿ ಕಾಲೇಜು ಹುಡುಗರು, ಬೆಳೆಗಾರರು, ಹೋಂಸ್ಟೇ ನಡೆಸುವವರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಗೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಜೂನ್ ಬಂತು ಅಂದರೆ ನಮ್ಮ ಜಿಲ್ಲೆಯಲ್ಲಿ ಮಳೆ ಶುರು. ಅದೇ ಹೊತ್ತಿಗೆ ಐಫೋನಿನ ಬೀಟಾ ಕಾಲವೂ ಶುರು. ಬೀಟಾ ಅಂದರೆ ಪೂರ್ತಿ ಬಿಡುಗಡೆಗೆ ಮುಂಚೆ ಪರೀಕ್ಷೆಗೆ ಅಂತ ಕೊಡುವ ಆವೃತ್ತಿ. ಆಪಲ್ ಪ್ರತಿ ವರ್ಷ ಜೂನ್‌ನಲ್ಲಿ ಡೆವಲಪರ್‌ಗಳ ಸಮಾವೇಶ ನಡೆಸುತ್ತದೆ. ಹೊಸ ಐಒಎಸ್, ಅಂದರೆ ಐಫೋನ್ ನಡೆಸುವ ಆಪರೇಟಿಂಗ್ ಸಿಸ್ಟಮ್, ತೋರಿಸಿದ ದಿನವೇ ಅದರ ಮೊದಲ ಬೀಟಾ ಹೊರಗೆ ಬರುತ್ತದೆ. ಸಾಮಾನ್ಯ ಜನರಿಗೆ ಅಂತ ಕೊಡುವ ಬೀಟಾ ಬರುವುದು ಸಾಮಾನ್ಯವಾಗಿ ಜುಲೈನಲ್ಲಿ. ಪರೀಕ್ಷೆ ಮುಗಿದ ಆವೃತ್ತಿ ಬರುವುದು ಸೆಪ್ಟೆಂಬರ್‌ನಲ್ಲಿ, ನಮ್ಮ ಕೈಲ್ ಮುಹೂರ್ತ ಹಬ್ಬ ಕಳೆದ ಮೇಲೆ. ಅಂದರೆ ಅರೆಬೆಂದ ಆಪರೇಟಿಂಗ್ ಸಿಸ್ಟಮ್ ಫೋನಿನಲ್ಲಿ ಕೂರುವ ತಿಂಗಳುಗಳೂ, ನಮಗೆ ಫೋನ್ ಅತಿ ಜಾಸ್ತಿ ಬೇಕಾಗುವ ತಿಂಗಳುಗಳೂ ಒಂದೇ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇದೊಂದನ್ನೇ.

ಮೊದಲೆಲ್ಲ ಬೀಟಾ ಸಿಗುತ್ತಿದ್ದುದು ಸಾಫ್ಟ್‌ವೇರ್ ಬರೆಯುವವರಿಗೇ ಹೆಚ್ಚು. ಈಗ ಹಾಗಿಲ್ಲ. ಮೈಕ್ರೋಸಾಫ್ಟ್ 2014ರಲ್ಲಿ ವಿಂಡೋಸ್ ಇನ್‌ಸೈಡರ್ ಯೋಜನೆ ತೆರೆಯಿತು, ಯಾರು ಬೇಕಾದರೂ ಸೇರಬಹುದು. 2015ರಲ್ಲಿ ಐಫೋನ್‌ಗೆ ಸಾರ್ವಜನಿಕ ಬೀಟಾ ಬಂತು. 2023ರಲ್ಲಿ ಐಒಎಸ್ 17 ಬಂದಾಗ, ಡೆವಲಪರ್ ಬೀಟಾಗೂ ದುಡ್ಡು ಕಟ್ಟುವ ಅಗತ್ಯ ಹೋಯಿತು, ಸುಮ್ನೆ ಒಂದು ಆಪಲ್ ಐಡಿ ಇದ್ದರೆ ಸಾಕು. ಪಿಕ್ಸೆಲ್ ಫೋನಿಗೆ ಗೂಗಲ್ ಕೊಡುತ್ತದೆ, ಗ್ಯಾಲಕ್ಸಿ ಫೋನಿಗೆ ಸ್ಯಾಮ್‌ಸಂಗ್ ಕೊಡುತ್ತದೆ. ಎರಡು ಮೂರು ಸಲ ಒತ್ತಿದರೆ ಮುಗಿಯಿತು. ಒಳಗೆ ಹೋಗುವ ಬಾಗಿಲು ಇಷ್ಟು ಅಗಲವಾಗಿದೆ. ಹೊರಗೆ ಬರುವ ಬಾಗಿಲಿನ ಬಗ್ಗೆ ಯಾರೂ ಹೇಳುವುದಿಲ್ಲ.

ನನ್ನ ಕೆಲಸ ಫೋನ್, ಲ್ಯಾಪ್‌ಟಾಪ್ ರಿಪೇರಿ. ಕಳೆದ ಮಳೆಗಾಲದಲ್ಲಿ ಹೋಂಸ್ಟೇ ನಡೆಸುವ ಒಬ್ಬ ಅಕ್ಕ ಅಂಗಡಿಗೆ ಬಂದರು. ಬೆಂಗಳೂರಿನಲ್ಲಿ ಓದುತ್ತಿರುವ ಮಗ ರಜೆಗೆ ಬಂದವನು ಅಮ್ಮನ ಫೋನಿಗೆ ಬೀಟಾ ಹಾಕಿ ಹೋಗಿದ್ದಾನೆ. ಹೊಸದು ಬರುತ್ತೆ, ಚೆನ್ನಾಗಿರುತ್ತೆ ಅಂತ ಪ್ರೀತಿಯಿಂದಲೇ ಹಾಕಿದ್ದು. ಯಾವ ಕಂಪನಿ ಫೋನ್ ಅನ್ನೋದು ಇಲ್ಲಿ ಮುಖ್ಯ ಅಲ್ಲ. ಫೋನ್ ಕೈಗೆ ತೆಗೆದುಕೊಂಡ ಕೂಡಲೇ ಗೊತ್ತಾಯಿತು, ಹಿಂಬದಿ ಬೆಚ್ಚಗಿತ್ತು. ಜೇಬಲ್ಲಿ ಸುಮ್ಮನೆ ಇದ್ದ ಫೋನ್ ಅದು. ಬೆಳಿಗ್ಗೆ ಪೂರ್ತಿ ಚಾರ್ಜ್ ಮಾಡಿದ್ದು ಮಧ್ಯಾಹ್ನದ ಊಟದ ಹೊತ್ತಿಗೆ ಅರ್ಧಕ್ಕೆ ಇಳಿಯುತ್ತಿತ್ತು. ಬ್ಯಾಂಕಿನ ಆ್ಯಪ್ ಒತ್ತಿದರೆ ಬಿಳಿ ಪರದೆ ಬಂದು, ಈ ಸಾಧನದಲ್ಲಿ ಓಡುವುದಿಲ್ಲ ಅಂತ ಒಂದು ಸಾಲು ತೋರಿಸಿ ಮುಚ್ಚಿಕೊಳ್ಳುತ್ತಿತ್ತು. ಅತಿಥಿಗಳು ದುಡ್ಡು ಹಾಕಿದ್ದಾರೋ ಇಲ್ಲವೋ ನೋಡುವುದಕ್ಕೂ ಆಗುತ್ತಿರಲಿಲ್ಲ.

"ಹಳೇದನ್ನೇ ವಾಪಸ್ ಹಾಕಿಕೊಡಿ" ಅಂದರು.

"ಹಾಕಬಹುದು ಅಕ್ಕಾ. ಆದರೆ ಫೋನ್ ಪೂರ್ತಿ ಖಾಲಿ ಆಗುತ್ತೆ."

"ಫೋಟೋ ಕೂಡಾನಾ?"

"ಎಲ್ಲಾ."

ಬ್ಯಾಕಪ್ ಇದೆ ಅಂದರು. ಇತ್ತು ನಿಜ. ಆದರೆ ಅದು ಬೀಟಾ ಹಾಕಿದ ಮೇಲೆ ತೆಗೆದ ಬ್ಯಾಕಪ್. ಹಳೆಯ ಆವೃತ್ತಿಗೆ ಅದು ಹತ್ತಲಿಲ್ಲ. ಕೊನೆಗೆ ಫೋಟೋಗಳನ್ನು ಕೇಬಲ್ ಹಾಕಿ ಕಂಪ್ಯೂಟರಿಗೆ ಕಾಪಿ ಮಾಡಿದೆ. ಆಮೇಲೆ ಫೋನ್ ಅಳಿಸಿ, ಹಳೆಯದನ್ನು ಹಾಕಿ, ಆ್ಯಪ್‌ಗಳನ್ನು ಒಂದೊಂದಾಗಿ ಹೊಸದಾಗಿ ಹಾಕಿದೆ. ಯುಪಿಐ ಮತ್ತೆ ನೋಂದಾಯಿಸಬೇಕು, ಅದಕ್ಕೆ ಸಿಮ್‌ನಿಂದ ಎಸ್‌ಎಂಎಸ್ ಹೋಗಬೇಕು. ಆ ದಿನ ಗಾಳಿಗೆ ಟವರ್ ಬಿದ್ದು ನೆಟ್‌ವರ್ಕ್ ಇರಲಿಲ್ಲ. ಅವರು ಮರುದಿನ ಮತ್ತೆ ಬಸ್ ಹತ್ತಿ ಬರಬೇಕಾಯಿತು.

ಹಾಕುವುದು ಇಷ್ಟು ಸುಲಭ, ತೆಗೆಯುವುದು ಯಾಕೆ ಇಷ್ಟು ಕಷ್ಟ? ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ತುಂಬ ಜನ ಎಡವುವುದು ಇಲ್ಲೇ.

ಫೋನಿನೊಳಗೆ ನಿಮ್ಮ ಫೋಟೋ, ಮೆಸೇಜು, ಕಾಂಟ್ಯಾಕ್ಟ್‌ಗಳೆಲ್ಲ ಡೇಟಾಬೇಸ್‌ಗಳಲ್ಲಿ ಕೂತಿರುತ್ತವೆ. ಹೊಸ ಆಪರೇಟಿಂಗ್ ಸಿಸ್ಟಮ್ ಬಂದಾಗ ಮೊದಲ ಸಲ ಆನ್ ಆಗುವಾಗಲೇ ಆ ಡೇಟಾಬೇಸ್‌ಗಳ ರಚನೆಯನ್ನು ತನಗೆ ಬೇಕಾದ ಹಾಗೆ ಬದಲಿಸಿಕೊಳ್ಳುತ್ತದೆ. ಹೊಸದಕ್ಕೆ ಹಳೆಯ ರಚನೆ ಓದಲು ಬರುತ್ತದೆ. ಹಳೆಯದಕ್ಕೆ ಹೊಸ ರಚನೆ ಗೊತ್ತಿಲ್ಲ, ಅದನ್ನು ಬರೆದ ಕಾಲಕ್ಕೆ ಹೊಸದು ಹುಟ್ಟಿಯೇ ಇರಲಿಲ್ಲವಲ್ಲ. ಹಾಗಾಗಿ ಬದಲಾವಣೆ ಒಂದೇ ದಿಕ್ಕಿನದು. ಹಿಂದಕ್ಕೆ ಹೋಗಬೇಕಾದರೆ ಎಲ್ಲ ಅಳಿಸಿ ಖಾಲಿ ಫೋನಿನಿಂದ ಶುರು ಮಾಡುವುದೊಂದೇ ದಾರಿ.

ಇದರ ಮೇಲೆ ಭದ್ರತೆಯ ಬೀಗ ಇನ್ನೊಂದು. ಐಫೋನ್‌ನಲ್ಲಿ ಯಾವ ಆವೃತ್ತಿ ಹಾಕಬಹುದು ಅಂತ ಆಪಲ್‌ನ ಸರ್ವರ್ ಒಪ್ಪಿಗೆ ಕೊಡಬೇಕು. ಹಳೆಯ ಆವೃತ್ತಿಗೆ ಅದು ಒಪ್ಪಿಗೆ ನಿಲ್ಲಿಸಿದರೆ ಆ ದಾರಿ ಮುಚ್ಚಿತು. 2022ರ ಆಗಸ್ಟ್‌ನಲ್ಲಿ ಪಿಕ್ಸೆಲ್ 6 ಫೋನುಗಳಿಗೆ ಆಂಡ್ರಾಯ್ಡ್ 13 ಬಂದಾಗ, ಒಮ್ಮೆ ಹಾಕಿದವರು ಮತ್ತೆ ಆಂಡ್ರಾಯ್ಡ್ 12ಕ್ಕೆ ಹೋಗದ ಹಾಗೆ ಗೂಗಲ್, ಫೋನ್ ಆನ್ ಆಗುವಾಗ ಮೊದಲು ಓಡುವ ಬೂಟ್‌ಲೋಡರ್‌ನಲ್ಲೇ ತಡೆ ಹಾಕಿತು. ಹಳೆಯದರಲ್ಲಿದ್ದ ಭದ್ರತೆಯ ದೋಷವನ್ನು ಕಳ್ಳರು ಮತ್ತೆ ಬಳಸಬಾರದು ಅಂತ. ಕಾರಣ ಸರಿಯಾದದ್ದೇ. ಆ್ಯಪಲ್ ವಾಚ್‌ಗಂತೂ ಬೀಟಾ ಹಾಕಿದರೆ ಮನೆಯಲ್ಲಿ ಕೂತು ಹಿಂದಕ್ಕೆ ತರುವ ಉಪಾಯವೇ ಇಲ್ಲ.

ಈಗ ಲ್ಯಾಪ್‌ಟಾಪ್ ಇರುವ ಹುಡುಗರು ಕೇಳಿ. ಸಾಫ್ಟ್‌ವೇರ್ ತಾನೇ, ಕೆಟ್ಟರೆ ಫಾರ್ಮ್ಯಾಟ್ ಮಾಡಿದರಾಯಿತು, ಹಾರ್ಡ್‌ವೇರ್‌ಗೆ ಏನೂ ಆಗಲ್ಲ ಅಂತ ತುಂಬ ಜನ ಅಂದುಕೊಂಡಿದ್ದೀರಿ. 2008ರಲ್ಲಿ ನಡೆದ ಸಂಗತಿ ಹೇಳುತ್ತೇನೆ.

ಲಿನಕ್ಸ್ ಅಂದರೆ ವಿಂಡೋಸ್ ತರಹದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್, ಕರ್ನಲ್ ಅಂದರೆ ಅದರ ತಿರುಳು. ಲಿನಕ್ಸ್ ಕರ್ನಲ್‌ನ 2.6.27 ಆವೃತ್ತಿ ಇನ್ನೂ ಬಿಡುಗಡೆಯಾಗಿರಲಿಲ್ಲ. ಅದನ್ನು ಒಳಗೊಂಡ ಉಬುಂಟು, ಓಪನ್‌ಸೂಸೆ, ಫೆಡೋರಾಗಳ ಪರೀಕ್ಷಾ ಆವೃತ್ತಿಗಳನ್ನು ಜನ ಹಾಕಿಕೊಂಡಿದ್ದರು. ಕೆಲವರ ಇಂಟೆಲ್ ನೆಟ್‌ವರ್ಕ್ ಕಾರ್ಡು ಇದ್ದಕ್ಕಿದ್ದ ಹಾಗೆ ಸತ್ತುಹೋಯಿತು. ಫಾರ್ಮ್ಯಾಟ್ ಮಾಡಿದರೂ ಬರಲಿಲ್ಲ. ವಿಂಡೋಸ್ ಹಾಕಿದರೂ ಬರಲಿಲ್ಲ. ಕಾರ್ಡಿನೊಳಗೆ ಅದರ ವಿಳಾಸ, ಸೆಟ್ಟಿಂಗ್ ಎಲ್ಲ ಬರೆದಿಟ್ಟ ಒಂದು ಚಿಕ್ಕ ಶಾಶ್ವತ ಮೆಮೊರಿ ಇರುತ್ತದೆ. ಅದೇ ಹಾಳಾಗಿತ್ತು.

ಎಲ್ಲರೂ ನೆಟ್‌ವರ್ಕ್ ಡ್ರೈವರ್, ಅಂದರೆ ಆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್ ಮೇಲೆ ಅನುಮಾನ ಪಟ್ಟರು. ತಪ್ಪು ಬೇರೆ ಕಡೆ ಇತ್ತು. ಕರ್ನಲ್ ಒಳಗೆ ಏನು ನಡೆಯುತ್ತಿದೆ ಅಂತ ಜಾಡು ಹಿಡಿಯುವ ಎಫ್‌ಟ್ರೇಸ್ ಅನ್ನುವ ಸೌಲಭ್ಯ ಹೊಸದಾಗಿ ಸೇರಿತ್ತು. ಅದು ಕೋಡ್ ಇರುವ ಮೆಮೊರಿ ವಿಳಾಸಗಳನ್ನು ಗುರುತು ಹಾಕಿಕೊಂಡು, ಆಮೇಲೆ ಅಲ್ಲಿಗೆ ಹೋಗಿ ತಿದ್ದುತ್ತಿತ್ತು. ಆದರೆ ಡ್ರೈವರ್ ಶುರುವಾಗುವಾಗ ಮಾತ್ರ ಬೇಕಾದ ಕೋಡ್ ಆ ಕೆಲಸ ಮುಗಿದ ಮೇಲೆ ಮೆಮೊರಿಯಿಂದ ಹೋಗಿಬಿಡುತ್ತದೆ. ಖಾಲಿಯಾದ ಅದೇ ವಿಳಾಸವನ್ನು ಆಮೇಲೆ ಇನ್ಯಾವುದಕ್ಕೋ ಕೊಡುತ್ತಾರೆ. ಇಲ್ಲಿ ಕೊಟ್ಟಿದ್ದು ನೆಟ್‌ವರ್ಕ್ ಕಾರ್ಡಿನ ಮೆಮೊರಿಗೆ. ಎಫ್‌ಟ್ರೇಸ್ ತನ್ನ ಹಳೆಯ ಗುರುತು ನಂಬಿ ಅಲ್ಲಿ ಬರೆಯಿತು. ಕಾರ್ಡು ಹೋಯಿತು. ಎಫ್‌ಟ್ರೇಸ್ ಬರೆದವರು ಬಲ್ಲವರೇ, ಡ್ರೈವರ್ ಬರೆದವರೂ ಬಲ್ಲವರೇ. ಎರಡು ಭಾಗ ಸೇರಿದಾಗ ಏನಾಗುತ್ತೆ ಅನ್ನೋದು ಸಾವಿರಾರು ಬಗೆಯ ಯಂತ್ರಗಳಲ್ಲಿ ಓಡಿಸಿದಾಗಲೇ ಗೊತ್ತಾಗುವುದು. ಬಿಡುಗಡೆಗೆ ಮುಂಚೆ ಅನ್ನುವ ಮಾತಿನ ಅರ್ಥ ಅದೇ, ಆ ಸಾವಿರಾರು ಯಂತ್ರಗಳಲ್ಲಿ ನಿಮ್ಮದೂ ಒಂದು.

2021ರದ್ದು ಇನ್ನೊಂದು. ಲಿನಕ್ಸ್ 5.12ರ ಮೊದಲ ಪರೀಕ್ಷಾ ಆವೃತ್ತಿ ಬಂದು ಕೆಲವೇ ದಿನಕ್ಕೆ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ಅವರೇ ಇದನ್ನು ಬಳಸಬೇಡಿ ಅಂತ ಎಲ್ಲರಿಗೂ ಬರೆದರು. ರ‍್ಯಾಮ್ ಸಾಲದಾಗ ಡಿಸ್ಕಿಗೆ ಬರೆಯುವುದಕ್ಕೆ ಸ್ವಾಪ್ ಅಂತಾರಲ್ವಾ, ಅದನ್ನು ಒಂದು ಫೈಲಿನಲ್ಲಿ ಇಟ್ಟುಕೊಂಡವರಿಗೆ ಈ ಆವೃತ್ತಿ ಆ ಫೈಲ್ ಬಿಟ್ಟು ಡಿಸ್ಕಿನಲ್ಲಿ ಬೇರೆ ಜಾಗಕ್ಕೆ ಬರೆಯುತ್ತಿತ್ತು. ಅಂದರೆ ನಿಮ್ಮ ಫೈಲ್‌ಗಳ ಮೇಲೇ. ಆ ಆವೃತ್ತಿಯ ಗುರುತಿನ ಹೆಸರಿಗೇ "ಡೋಂಟ್‌ಯೂಸ್" ಅಂತ ಬಾಲ ಸೇರಿಸಿದರು, ತಪ್ಪಿ ಯಾರೂ ಎತ್ತಿಕೊಳ್ಳಬಾರದು ಅಂತ. ನನಗೆ ಆ ಪ್ರಾಮಾಣಿಕತೆ ತುಂಬ ಇಷ್ಟ. ಆದರೆ ಎಚ್ಚರಿಕೆ ಬರುವಷ್ಟರಲ್ಲಿ ಡಿಸ್ಕು ಹಾಳಾದವರಿಗೆ ಅದರಿಂದ ಏನೂ ವಾಪಸ್ ಬರಲಿಲ್ಲ.

ಬೀಟಾ ಹಂತದಲ್ಲಿ ಜನ ತಪ್ಪು ಹಿಡಿಯುತ್ತಾರಲ್ಲ, ಕಂಪನಿ ಸರಿಮಾಡುತ್ತದಲ್ಲ ಅಂತ ಕೇಳಬಹುದು. ಯಾವಾಗಲೂ ಅಲ್ಲ. 2018ರ ಅಕ್ಟೋಬರ್ 2ಕ್ಕೆ ವಿಂಡೋಸ್ 10ರ ದೊಡ್ಡ ಅಪ್‌ಡೇಟ್ ಬಂತು. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳನ್ನು ಬೇರೆ ಡ್ರೈವ್‌ಗೆ ತಿರುಗಿಸಿಕೊಂಡು, ಹಳೆಯ ಜಾಗದಲ್ಲೂ ಫೈಲ್ ಉಳಿಸಿಕೊಂಡಿದ್ದವರ ಆ ಹಳೆಯ ಫೋಲ್ಡರ್ ಅಳಿಸಿಹೋಯಿತು. ನಾಲ್ಕೈದು ದಿನಕ್ಕೆ ಮೈಕ್ರೋಸಾಫ್ಟ್ ಅದನ್ನು ನಿಲ್ಲಿಸಿತು, ಮತ್ತೆ ಬಿಟ್ಟದ್ದು ನವೆಂಬರ್‌ನಲ್ಲಿ. ನನಗೆ ಬೇಜಾರಾಗುವ ವಿಷಯ ಯಾವುದೆಂದರೆ, ಇನ್‌ಸೈಡರ್ ಪರೀಕ್ಷಕರಲ್ಲಿ ಕೆಲವರು ಫೈಲ್ ಹೋಯಿತು ಅಂತ ಮೊದಲೇ ಬರೆದಿದ್ದರು. ಆ ದೂರುಗಳಿಗೆ ಬೇರೆ ಪರೀಕ್ಷಕರ ಮತ ಕಡಿಮೆ ಬಿದ್ದಿತ್ತು, ಹಾಗಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಆಮೇಲೆ ಮೈಕ್ರೋಸಾಫ್ಟ್ ದೂರಿನ ಜೊತೆ ಅದು ಎಷ್ಟು ಗಂಭೀರ ಅಂತ ಗುರುತು ಹಾಕುವ ಸೌಲಭ್ಯ ಸೇರಿಸಿತು. ಫೈಲ್ ಕಳೆದುಕೊಂಡು, ದೂರೂ ಕೊಟ್ಟು, ಕೇಳುವವರಿಲ್ಲದೆ ಕೂತ ಆ ಪರೀಕ್ಷಕರನ್ನು ನೆನೆದರೆ ಸಂಕಟವಾಗುತ್ತದೆ.

ಈಗ ನಮ್ಮ ಊರಿನ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನಲ್ಲಿ ಬೀಟಾ ಹಾಕಿ ಫೋನ್ ಕೆಟ್ಟರೆ ಮೆಟ್ರೋ ಹತ್ತಿ ಸರ್ವಿಸ್ ಸೆಂಟರ್‌ಗೆ ಹೋಗಬಹುದು. ನಮಗೆ ರೈಲೇ ಇಲ್ಲ. ದೊಡ್ಡ ಕಂಪನಿಗಳ ಸರ್ವಿಸ್ ಬೇಕು ಅಂದರೆ ಬಹಳ ಸಲ ಮೈಸೂರಿಗೇ ಹೋಗಬೇಕು, ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ಹಲವು ಜಿಬಿ ಅಪ್‌ಡೇಟ್ ಇಳಿಯುವಾಗ ಕರೆಂಟ್ ಹೋಗುತ್ತದೆ, ವೈಫೈ ಹೋಗುತ್ತದೆ. ಬೀಟಾದಲ್ಲಿ ಒಂದು ಕೆಟ್ಟ ತಪ್ಪು ಇದ್ದು ಅದಕ್ಕೆ ಮರುದಿನವೇ ಪರಿಹಾರ ಬಂತು ಅಂತಿಟ್ಟುಕೊಳ್ಳಿ. ಆ ಪರಿಹಾರ ನಮ್ಮ ತೋಟದ ಮನೆಗೆ ಇಳಿಯುವುದು ಯಾವಾಗ?

ಬ್ಯಾಟರಿಯದ್ದೂ ಹಾಗೆಯೇ. ಬೀಟಾದಲ್ಲಿ ತಪ್ಪು ಹುಡುಕುವುದಕ್ಕೆ ಅಂತ ಫೋನ್ ತನ್ನೊಳಗೆ ನಡೆಯುವುದನ್ನೆಲ್ಲ ಬರೆದಿಟ್ಟುಕೊಳ್ಳುತ್ತಾ ಇರುತ್ತದೆ. ಕೋಡನ್ನು ಇನ್ನೂ ಹಗುರ ಮಾಡಿರುವುದಿಲ್ಲ. ಚಾರ್ಜ್ ಬೇಗ ಮುಗಿಯುತ್ತದೆ. ನಗರದಲ್ಲಿ ಇದು ಕಿರಿಕಿರಿ ಅಷ್ಟೇ. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇಲ್ಲದ ಮನೆಯಲ್ಲಿ, ಇನ್ವರ್ಟರ್ ಕೂಡ ಕೈಕೊಟ್ಟ ಮೇಲೆ, ಆ ಉಳಿದ ಚಾರ್ಜೇ ಎಲ್ಲ.

2018ರ ಆಗಸ್ಟ್ ತಿಂಗಳ ಭೂಕುಸಿತಗಳನ್ನು ನಿಮಗೆ ನೆನಪಿಸಬೇಕಾಗಿಲ್ಲ. ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ. ಯಾರು ಎಲ್ಲಿ ಸಿಕ್ಕಿಕೊಂಡಿದ್ದಾರೆ ಅಂತ ಗೊತ್ತಾಗುತ್ತಿದ್ದುದೇ ಫೋನಿನಿಂದ. ಮರುವರ್ಷ ತೋರ, ಅದರ ಮರುವರ್ಷ ತಲಕಾವೇರಿಯ ಬ್ರಹ್ಮಗಿರಿ. ಅದೇ 2018ರ ಆಗಸ್ಟ್ ಕೊನೆಗೆ ಐಒಎಸ್ 12 ಬೀಟಾ ಹಾಕಿಕೊಂಡವರಿಗೆಲ್ಲ ಒಂದು ತೊಂದರೆ ಆಯಿತು. ಫೋನ್ ಅನ್‌ಲಾಕ್ ಮಾಡಿದಾಗಲೆಲ್ಲ ಹೊಸ ಬೀಟಾ ಬಂದಿದೆ, ಅಪ್‌ಡೇಟ್ ಮಾಡಿ ಅಂತ ಪರದೆಗೆ ಅಡ್ಡವಾಗಿ ಒಂದು ಪೆಟ್ಟಿಗೆ ಬರುತ್ತಿತ್ತು. ಹಾಗೆ ಅಪ್‌ಡೇಟ್ ಬಂದೇ ಇರಲಿಲ್ಲ! ಸರಿಮಾಡಿದ ಬೀಟಾ ಬರುವ ತನಕ ಪ್ರತಿ ಸಲವೂ ಅದನ್ನು ಮುಚ್ಚಬೇಕಿತ್ತು. ಚಿಕ್ಕ ತಪ್ಪೇ. ಆದರೆ ಒದ್ದೆ ಕೈಯಲ್ಲಿ, ಕತ್ತಲಲ್ಲಿ, ಗಾಬರಿಯಲ್ಲಿ ಫೋನ್ ಹಿಡಿದಿರುವ ವಯಸ್ಸಾದವರಿಗೆ ಅದು ಚಿಕ್ಕದಾಗಿ ಇರುವುದಿಲ್ಲ.

ಕರೆ ಮಾಡುವುದು ಕೂಡ ಈಗ ಒಂದು ಸಾಫ್ಟ್‌ವೇರ್ ಕೆಲಸವೇ. 2021ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಪಿಕ್ಸೆಲ್ ಫೋನ್ ಇದ್ದ ಒಬ್ಬರು ಮನೆಯವರಿಗಾಗಿ ತುರ್ತು ಸಂಖ್ಯೆಗೆ ಕರೆ ಮಾಡಿದರೆ ಹೋಗಲೇ ಇಲ್ಲ ಅಂತ ತಿಳಿಸಿದರು. ಆಂಡ್ರಾಯ್ಡ್‌ಗೂ, ಲಾಗಿನ್ ಆಗದೆ ಸುಮ್ಮನೆ ಕೂತಿದ್ದ ಮೈಕ್ರೋಸಾಫ್ಟ್ ಟೀಮ್ಸ್ ಆ್ಯಪ್‌ಗೂ ನಡುವಿನ ತಿಕ್ಕಾಟ ಅದು ಅಂತ ಗೂಗಲ್ ಒಪ್ಪಿಕೊಂಡಿತು. ಅದು ಬೀಟಾ ಅಲ್ಲ, ಪರೀಕ್ಷೆ ಮುಗಿದು ಕೋಟಿಗಟ್ಟಲೆ ಜನರ ಕೈಗೆ ಹೋದ ಆವೃತ್ತಿ. ಪರೀಕ್ಷೆ ಮುಗಿದದ್ದರಲ್ಲೇ ಹೀಗಿದ್ದರೆ, ಮುಗಿಯದ್ದರಲ್ಲಿ 112ಕ್ಕೆ ಕರೆ ಹೋಗುತ್ತದೆ ಅಂತ ಯಾವ ಧೈರ್ಯದ ಮೇಲೆ ನಂಬೋಣ? ಸಿದ್ದಾಪುರದ ಕಡೆ ಆನೆ ಯಾವ ತೋಟದಲ್ಲಿದೆ ಅಂತ ಬೆಳಿಗ್ಗೆ ವಾಟ್ಸಾಪ್ ನೋಡಿಕೊಂಡೇ ಕೆಲಸದವರು ಲೈನ್ ಮನೆಯಿಂದ ಹೊರಡುತ್ತಾರೆ. ಅಂಥ ಕಡೆ ಕೆಲಸದವರನ್ನು ನೋಡಿಕೊಳ್ಳುವ ತೋಟದ ರೈಟರ್ ಫೋನಿಗೆ ನೋಟಿಫಿಕೇಶನ್ ಬಾರದೆ ಹೋದರೆ ಏನಾಗಬಹುದು ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ಬೀಟಾ ಆಸೆ ತೋರಿಸಿ ಮೋಸ ಮಾಡುವವರಿದ್ದಾರೆ. 2021ರಲ್ಲಿ ವಿಂಡೋಸ್ 11 ಬರುವ ಮುಂಚೆ ಅದರ ಹೆಸರಿನಲ್ಲಿ ನಕಲಿ ಇನ್‌ಸ್ಟಾಲರ್‌ಗಳು ಓಡಾಡಿದವು, ಒಳಗೆ ಇದ್ದದ್ದು ಮಾಲ್‌ವೇರ್, ಅಂದರೆ ಹಾನಿ ಮಾಡುವ ಸಾಫ್ಟ್‌ವೇರ್. ಬೀಟಾ ಆ್ಯಪ್ ಅಂತ ಹೇಳಿ ದುಡ್ಡು ಹೊಡೆಯುವವರ ಬಗ್ಗೆ 2023ರಲ್ಲಿ ಅಮೆರಿಕದ ಎಫ್‌ಬಿಐ ಎಚ್ಚರಿಕೆ ಕೊಟ್ಟಿತು. ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ ಲಿಂಕಿನಿಂದ ಏನನ್ನೂ ಹಾಕಬೇಡಿ.

ಇಷ್ಟೆಲ್ಲ ಹೇಳಿದೆ ಅಂತ ಬೀಟಾ ಪರೀಕ್ಷೆಯೇ ಬೇಡ ಅನ್ನುವವನು ನಾನಲ್ಲ. ನಮ್ಮ ಕಡೆಯಿಂದ ಪರೀಕ್ಷಕರು ಬೇಕೇ ಬೇಕು. ಯಾಕೆ ಅಂತ ಕೇಳಿ. 2018ರ ಫೆಬ್ರವರಿಯಲ್ಲಿ ಒಂದೇ ಒಂದು ತೆಲುಗು ಅಕ್ಷರ ಐಫೋನ್‌ಗಳನ್ನು ಕೆಡವಿತು. ನಮ್ಮ ‘ಜ್ಞಾ’ ಇದೆಯಲ್ಲ, ತೆಲುಗಿನಲ್ಲಿ ಅದೇ ಅಕ್ಷರ. ಅದು ಮೆಸೇಜಿನಲ್ಲಿ ಬಂದರೆ ವಾಟ್ಸಾಪ್, ಜಿಮೇಲ್ ತರಹದ ಆ್ಯಪ್‌ಗಳು ಮುಚ್ಚಿಕೊಳ್ಳುತ್ತಿದ್ದವು. ಐಒಎಸ್ 11.2.5ರಲ್ಲಿ ಈ ತಪ್ಪು ಇತ್ತು. ಆ ಹೊತ್ತಿಗೆ ಪರೀಕ್ಷೆಯಲ್ಲಿದ್ದ 11.3 ಬೀಟಾದಲ್ಲಿ ಇರಲಿಲ್ಲ. ಫೆಬ್ರವರಿ 19ಕ್ಕೆ 11.2.6 ಬಿಟ್ಟು ಸರಿಮಾಡಿದರು. ಕೋಟ್ಯಂತರ ಜನ ದಿನವೂ ಓದುವ ಲಿಪಿಯ ಅಕ್ಷರ ಅದು! ಪರೀಕ್ಷೆಯ ಎಲ್ಲ ಹಂತ ದಾಟಿ ಆ ತಪ್ಪು ಹೊರಗೆ ಬಂತು ಅಂದರೆ, ನಮ್ಮ ಲಿಪಿಗಳಲ್ಲಿ ಬರೆದು ನೋಡಿದವರು ಸಾಲಲಿಲ್ಲ ಅಂತಲೇ ನಾನು ತಿಳಿಯುತ್ತೇನೆ.

ಹಾಗಾಗಿ ಕಾಲೇಜಿನ ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೋರಿಕೆ. ಮನೆಯಲ್ಲಿ ಹಳೆಯ ಫೋನ್ ಬಿದ್ದಿದ್ದು ಅದಕ್ಕೆ ಬೀಟಾ ಸಿಗುವುದಾದರೆ ಅದಕ್ಕೆ ಹಾಕಿ. ಮನೆಯ ಸಿಮ್ ಹಾಕಬೇಡಿ, ಬ್ಯಾಂಕಿನ ಆ್ಯಪ್ ಹಾಕಬೇಡಿ, ಬೇರೆ ಖಾತೆ ಮಾಡಿಕೊಳ್ಳಿ. ಲ್ಯಾಪ್‌ಟಾಪ್‌ನಲ್ಲಾದರೆ ವರ್ಚುವಲ್ ಮಷೀನ್, ಅಂದರೆ ಸಾಫ್ಟ್‌ವೇರ್‌ನಲ್ಲೇ ಕಟ್ಟಿದ ನಕಲಿ ಕಂಪ್ಯೂಟರ್ ಒಳಗೆ ಓಡಿಸಿ. ಅದರಲ್ಲಿ ಎಫ್‌ಟ್ರೇಸ್ ಕಥೆಯಂಥದ್ದು ನಡೆದರೂ ನಿಮ್ಮ ನಿಜವಾದ ಕಾರ್ಡಿಗೆ ಏನೂ ಆಗದು. ಆಮೇಲೆ ಕನ್ನಡದಲ್ಲಿ ಕೆಲಸ ಮಾಡಿ. ಒತ್ತಕ್ಷರ ಸರಿಯಾಗಿ ಕೂರುತ್ತಾ, ಅರ್ಕಾವತ್ತು ಎಲ್ಲಿ ಹೋಗುತ್ತೆ, ಅಳಿಸಿದರೆ ಒಂದೇ ಚಿಹ್ನೆ ಹೋಗುತ್ತಾ ಇಡೀ ಅಕ್ಷರವೇ ಹೋಗುತ್ತಾ, ದನಿಯಲ್ಲಿ ಹೇಳಿದ್ದನ್ನು ಸರಿಯಾಗಿ ಬರೆಯುತ್ತಾ, ನೋಡಿ. ತಪ್ಪು ಕಂಡರೆ ಫೋನಿನ ಮಾಡೆಲ್, ಬಿಲ್ಡ್ ಸಂಖ್ಯೆ, ಏನು ಒತ್ತಿದಾಗ ಏನಾಯಿತು, ಇಷ್ಟನ್ನೂ ಸ್ಕ್ರೀನ್‌ಶಾಟ್ ಜೊತೆ ಕಳಿಸಿ. ಬೀಟಾ ಹಾಕಿ ದೂರು ಕೊಡದವರು ಅಪಾಯ ಮಾತ್ರ ತಂದುಕೊಂಡ ಹಾಗೆ, ಅದರಿಂದ ಯಾರಿಗೂ ಏನೂ ಸಿಗುವುದಿಲ್ಲ.

ಮಾತು ಮುಗಿದ ಮೇಲೆ ಒಬ್ಬ ಬೆಳೆಗಾರರು ಕೇಳಿದರು: ಕಂಪನಿಯೇ ಪೂರ್ತಿ ಬಿಡುಗಡೆ ಮಾಡಿದ ದಿನ ಹಾಕಿಕೊಳ್ಳಬಹುದಾ? ನಾನಾದರೆ ಸ್ವಲ್ಪ ದಿನ ಕಾಯುತ್ತೇನೆ. 2014ರ ಸೆಪ್ಟೆಂಬರ್‌ನಲ್ಲಿ ಐಒಎಸ್ 8.0.1 ಬಂದಾಗ ಐಫೋನ್ 6 ಇದ್ದವರಲ್ಲಿ ಹಲವರಿಗೆ ನೆಟ್‌ವರ್ಕೇ ಹೋಯಿತು. ಸುಮಾರು ಒಂದು ಗಂಟೆಯಲ್ಲೇ ಆಪಲ್ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಒಂದು ದಿನ ತಡೆದವರಿಗೆ ಏನೂ ಆಗಲಿಲ್ಲ. ಆದರೆ ಒಂದು ಮಾತು ಗಮನಿಸಿ. ತಿಂಗಳ ಭದ್ರತಾ ಅಪ್‌ಡೇಟ್ ಬೇರೆ, ಅದನ್ನು ತಿಂಗಳುಗಟ್ಟಲೆ ತಳ್ಳಬೇಡಿ. ನಾನು ಕಾಯಿರಿ ಅನ್ನುವುದು ದೊಡ್ಡ ಆವೃತ್ತಿಗೆ. ತೋಟದ ಚೆಕ್‌ರೋಲು (ಕೆಲಸದವರ ಹಾಜರಿ ಪಟ್ಟಿ), ಲೆಕ್ಕ ಎಲ್ಲ ಇರುವ ಕಂಪ್ಯೂಟರ್ ಆದರೆ ಕೊಯ್ಲು ಮುಗಿಯುವ ತನಕ ದೊಡ್ಡ ಅಪ್‌ಡೇಟ್ ಮುಂದೂಡಿದರೂ ನಷ್ಟವಿಲ್ಲ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತ. "ಅಣ್ಣಾ, ನಾನು ಆಗಲೇ ಹಾಕಿಬಿಟ್ಟಿದ್ದೇನೆ. ಈಗ ಅಳಿಸಲೇಬೇಕಾ?"

ಅಳಿಸಲೇಬೇಕು ಅಂತಿಲ್ಲ. ಫೋನ್ ಹೇಗೋ ನಡೆಯುತ್ತಿದ್ದರೆ, ಪೂರ್ತಿ ಆವೃತ್ತಿ ಬರುವ ತನಕ ಇದೇ ಬೀಟಾದ ತಿದ್ದುಪಡಿಗಳನ್ನು ಹಾಕಿಕೊಳ್ಳುತ್ತಾ ಹೋಗು. ಪೂರ್ತಿಯದು ಬಂದ ದಿನ ಅದನ್ನು ಹಾಕಿ, ಬೀಟಾದಿಂದ ಹೊರಗೆ ಬಾ: ಐಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಬೀಟಾ ಅಪ್‌ಡೇಟ್ ಆಫ್ ಮಾಡು, ಪಿಕ್ಸೆಲ್ ಆದರೆ ಗೂಗಲ್‌ನ ಬೀಟಾ ವೆಬ್‌ಸೈಟಿನಲ್ಲಿ. ಐಫೋನ್, ಪಿಕ್ಸೆಲ್ ಎರಡರಲ್ಲೂ ಹೀಗೆ ಡೇಟಾ ಕಳೆದುಕೊಳ್ಳದೆ ಹೊರಬರಬಹುದು. ಆದರೆ ತಡಮಾಡಿ ಮುಂದಿನ ಬೀಟಾ ಹತ್ತಿಸಿಕೊಂಡರೆ ಮತ್ತೆ ಮೊದಲಿನದೇ ಕಥೆ. ವಿಂಡೋಸ್‌ನಲ್ಲಿ ಬೀಟಾ ಅಥವಾ ರಿಲೀಸ್ ಪ್ರಿವ್ಯೂ ಚಾನೆಲ್ ಆದರೆ ಮುಂದಿನ ಆವೃತ್ತಿ ಬಂದಾಗ ಹೊರಗೆ ಬರುವ ಆಯ್ಕೆ ಇದೆ. ತೀರಾ ಮೊದಲ ಹಂತದ ಕ್ಯಾನರಿ ಚಾನೆಲ್ ಆದರೆ ಹೊಸದಾಗಿ ವಿಂಡೋಸ್ ಹಾಕುವುದೇ ದಾರಿ.

"ಅಮ್ಮನ ಫೋನಿಗೂ ಹಾಕಿದ್ದೇನೆ" ಅಂದ.

ಹಾಗಾದರೆ ಇವತ್ತೇ ಕೇಬಲ್ ಹಾಕಿ ಅಮ್ಮನ ಫೋಟೋ ಎಲ್ಲ ಕಂಪ್ಯೂಟರಿಗೆ ಇಳಿಸು, ಕಾಂಟ್ಯಾಕ್ಟ್‌ಗಳನ್ನು ಒಂದು ಫೈಲ್ ಮಾಡಿ ಇಡು. ಯುಪಿಐ, ಬ್ಯಾಂಕಿನ ಆ್ಯಪ್ ತೆರೆಯುತ್ತಾ ನೋಡು. ಕರೆ ಹೋಗುತ್ತಾ, ಬರುತ್ತಾ, ಎರಡೂ ನೋಡು. ಇದರಲ್ಲಿ ಒಂದು ಸರಿಯಿಲ್ಲ ಅಂದರೂ ಸೆಪ್ಟೆಂಬರ್ ತನಕ ಕಾಯಬೇಡ. ಅಮ್ಮನಿಗೆ ಹೇಳಿ, ಫೋನ್ ತಗೊಂಡು ನಾಳೆ ಬೆಳಿಗ್ಗೆ ಅಂಗಡಿಗೆ ಬಾ.